ಎಗ್ಮೋರಿನ ದುಂಡು ದೇವಾಲಯ

— ಚಿಕ್ಕಪ್ಪ, ಚೆನ್ನೈ ಎಗ್ಮೋರಿನ ಸೇಂಟ್ ಆ್ಯಂಡ್ರೂಸ್ ಚರ್ಚ್ ನೋಡಿದಾಗಿನಿಂದ ಒಂದು ಪ್ರಶ್ನೆ ತಲೆ ತಿನ್ನುತ್ತಿದೆ. ಚರ್ಚು ಅಂದರೆ ಉದ್ದನೆಯ ಹಜಾರ, ಅದರ ತುದಿಗೆ ಪೂಜಾಪೀಠ. ಇಲ್ಲಿ ಮುಂಬಾಗಿಲು ದಾಟಿ ಒಳಗೆ ಹೋದರೆ ದುಂಡನೆಯ ಸಭಾಂಗಣ, ಸುತ್ತ ಹದಿನಾರು ಕಂಬ, ನೆತ್ತಿಯ ಮೇಲೆ ನೀಲಿ ಗುಮ್ಮಟ. ಯಾಕೆ ದುಂಡು?

— ಆಕಾರದಿಂದ ಶುರು ಮಾಡಬೇಡ. ಅಲ್ಲಿ ಏನು ನಡೆಯುತ್ತದೆ, ಅಲ್ಲಿಂದ ಶುರು ಮಾಡು. ಅದು ಸ್ಕಾಟ್ಲೆಂಡಿನವರ ಪ್ರೆಸ್ಬಿಟೇರಿಯನ್ ದೇವಾಲಯ. ಅದಕ್ಕೇ ಊರವರು ಇವತ್ತಿಗೂ ‘ಕರ್ಕ್’ ಅಂತಲೇ ಕರೆಯುವುದು, ಸ್ಕಾಟರ ಮಾತಿನಲ್ಲಿ ಚರ್ಚು ಅಂತ. 1560ರಲ್ಲಿ ಜಾನ್ ನಾಕ್ಸ್ ಮತ್ತು ಅವನ ಜೊತೆಯವರು ಸ್ಕಾಟ್ಲೆಂಡಿನಲ್ಲಿ ಸುಧಾರಣೆ ತಂದ ಮೇಲೆ, ಕಾಲಕ್ರಮದಲ್ಲಿ ಆ ಸಭೆ ಬಿಷಪ್‌ಗಳನ್ನೇ ಕೈಬಿಟ್ಟಿತು. ಸಭೆ ಆರಿಸಿದ ಹಿರಿಯರು, ಬೋಧಕರು ಕೂಡಿ ಕೂತು ತೀರ್ಮಾನ ಮಾಡುತ್ತಾರೆ. ಆರಾಧನೆಯಲ್ಲಿ ವಾಕ್ಯ ಓದುವುದು, ಅದನ್ನು ಬಿಡಿಸಿ ಹೇಳುವುದು, ಎಲ್ಲರೂ ಸೇರಿ ಕೀರ್ತನೆ ಹಾಡುವುದು, ಇವೇ ಮುಖ್ಯ. ದೂರದಲ್ಲೊಂದು ಪವಿತ್ರ ಸ್ಥಳ, ಅಲ್ಲಿಗೆ ಮೆರವಣಿಗೆ, ನಡುವೆ ತಡಿಕೆ, ಇದ್ಯಾವುದೂ ಬೇಡ. ಬೋಧಕರ ಮಾತು ಕೊನೆಯ ಸಾಲಿನಲ್ಲಿ ಕೂತ ಮುದುಕಿಗೂ ಕೇಳಬೇಕು, ಅವರ ಮುಖ ಅವಳಿಗೂ ಕಾಣಬೇಕು. ಈಗ ನೀನೇ ಪ್ಲಾನ್ ಬರೆ ನೋಡೋಣ.

— ಉದ್ದದ ಹಜಾರ ಬರೆಯಲ್ಲ. ಎಲ್ಲರನ್ನೂ ಹತ್ತಿರಕ್ಕೆ ಎಳೆದು ಕೂರಿಸುವಂಥದ್ದೇ ಬರೆಯುತ್ತೇನೆ.

— ಅವರೂ ಅದನ್ನೇ ಮಾಡಿದರು. ಎಡಿನ್‌ಬರೋದ ಜಾರ್ಜ್ ಸ್ಟ್ರೀಟ್‌ನಲ್ಲಿ 1784ರಲ್ಲಿ ತೆರೆದ ಸೇಂಟ್ ಆ್ಯಂಡ್ರೂಸ್ ಒಳಗೆ ಮೊಟ್ಟೆಯಾಕಾರದ್ದು. ಅದನ್ನು ಬರೆದವನೂ ಒಬ್ಬ ಸೇನಾ ಇಂಜಿನಿಯರ್, ಮೇಜರ್ ಆ್ಯಂಡ್ರೂ ಫ್ರೇಜರ್. ಆದರೆ ಎಗ್ಮೋರಿನ ನಕ್ಷೆಯ ಬೇರು ಅಲ್ಲಿಲ್ಲ, ಲಂಡನ್ನಿನಲ್ಲಿದೆ. ಟ್ರಾಫಲ್ಗರ್ ಚೌಕದ ಪಕ್ಕದಲ್ಲಿ ಸೇಂಟ್ ಮಾರ್ಟಿನ್ ಇನ್ ದ ಫೀಲ್ಡ್ಸ್ ಇದೆಯಲ್ಲ, ಅದನ್ನು ಕಟ್ಟಿದವನು ಜೇಮ್ಸ್ ಗಿಬ್ಸ್. ಅಬರ್ಡೀನಿನವನು, ಸ್ಕಾಟ್. ಅವನು ಮೊದಲು ಆ ಚರ್ಚಿಗೆ ಬರೆದುಕೊಟ್ಟದ್ದು ದುಂಡನೆಯ ಪ್ಲಾನ್. ಖರ್ಚು ಜಾಸ್ತಿಯಾಗುತ್ತದೆ ಅಂತ ಕಮಿಟಿಯವರು ಒಪ್ಪಲಿಲ್ಲ. 1726ರಲ್ಲಿ ಎದ್ದು ನಿಂತದ್ದು ಆಯತಾಕಾರದ ಚರ್ಚು. ಗಿಬ್ಸ್ ಮಾತ್ರ ಆ ದುಂಡು ನಕ್ಷೆಯನ್ನು ಎಸೆಯಲಿಲ್ಲ, 1728ರಲ್ಲಿ ತನ್ನ ವಿನ್ಯಾಸಗಳ ಪುಸ್ತಕ ಅಚ್ಚು ಹಾಕಿಸಿದಾಗ ಅದರಲ್ಲಿ ಸೇರಿಸಿದ.

— ಆ ಪುಸ್ತಕ ಹಡಗು ಹತ್ತಿ ಮದ್ರಾಸಿಗೆ ಬಂತು!

— ಬ್ರಿಟಿಷರು ಹೋದಲ್ಲೆಲ್ಲ ಅದು ಹೋಯಿತು. ಅಮೆರಿಕದಲ್ಲಿ, ವೆಸ್ಟ್ ಇಂಡೀಸಿನಲ್ಲಿ, ಕಲ್ಕತ್ತಾದಲ್ಲಿ, ಎದುರಿಗೆ ಗ್ರೀಕ್ ದೇಗುಲದ ಮುಖಮಂಟಪ, ಅದರ ಹಿಂದಿನಿಂದ ಮೇಲೇಳುವ ಗೋಪುರ, ಈ ಜೋಡಿಯನ್ನು ನೂರಾರು ಕಡೆ ನಕಲು ಮಾಡಿದರು. ದುಂಡು ನಕ್ಷೆಗೆ ಕೈ ಹಾಕಿದವರು ವಿರಳ. ಲಂಡನ್ನಿನವರು ದುಬಾರಿ ಅಂತ ತಳ್ಳಿದ್ದನ್ನು ತೊಂಬತ್ತು ವರ್ಷದ ಮೇಲೆ ಕೂವಂ ನದಿಯ ದಂಡೆಯ ಜೌಗಿನಲ್ಲಿ ಕಟ್ಟಿ ನಿಲ್ಲಿಸಿದವನು ಮೇಜರ್ ಥಾಮಸ್ ಫಿಯಟ್ ಡಿ ಹ್ಯಾವಿಲೆಂಡ್. ಜೊತೆಗೆ ಜೇಮ್ಸ್ ಗ್ರಾಂಟ್. 1818ರ ಏಪ್ರಿಲ್‌ನಲ್ಲಿ ಶಂಕುಸ್ಥಾಪನೆ, 1821ರ ಫೆಬ್ರವರಿಯಲ್ಲಿ ಮೊದಲ ಆರಾಧನೆ.

— ಡಿ ಹ್ಯಾವಿಲೆಂಡ್... ಹೆಸರು ಎಲ್ಲೋ ಕೇಳಿದ ಹಾಗಿದೆ.

— ಶ್ರೀರಂಗಪಟ್ಟಣದ ನಂಟಿರುವ ಮನೆಯವಳು ನೀನು, ಕೇಳಿರಲೇಬೇಕು. ನಮ್ಮ ತಾತನ ಬಾಯಲ್ಲಿ ‘ಹ್ಯಾವ್ಲೆಂಡ್ ಕಮಾನು’. 1810ರ ಆಸುಪಾಸು, ಆತ ಪಟ್ಟಣದಲ್ಲಿ ಇಂಜಿನಿಯರ್ ಆಗಿದ್ದಾಗ ತನ್ನ ಮನೆಯ ತೋಟದಲ್ಲಿ ಬರೀ ಇಟ್ಟಿಗೆಯಲ್ಲಿ ಒಂದೇ ಒಂದು ಕಮಾನು ಕಟ್ಟಿಸಿದ. ಈ ಕಾಲಿನಿಂದ ಆ ಕಾಲಿಗೆ ನೂರಡಿಗೂ ಮಿಕ್ಕಿದ ಅಂತರ. ಕಾವೇರಿಗೆ ಇಟ್ಟಿಗೆಯ ದೊಡ್ಡ ಕಮಾನುಗಳಿಂದಲೇ ಸೇತುವೆ ಹಾಕಬಹುದು, ನದಿಯ ನಡುವೆ ಕಲ್ಲುಕಂಬಗಳ ಕಾಡೇ ಬೇಕಿಲ್ಲ ಅಂತ ತೋರಿಸಬೇಕಿತ್ತು ಅವನಿಗೆ. ಪೂರ್ಣಯ್ಯನವರ ಉಸ್ತುವಾರಿಯಲ್ಲಿ ಕಟ್ಟಿದ ವೆಲ್ಲೆಸ್ಲಿ ಸೇತುವೆ 1804ರಿಂದ ಅಲ್ಲೇ ನಿಂತಿತ್ತು, ಸಾಲು ಸಾಲು ಕಲ್ಲುಕಂಬ, ಮೇಲೆ ಕಲ್ಲುಚಪ್ಪಡಿ. ಅದು ಈ ನಾಡಿನ ಗಟ್ಟಿ ಪದ್ಧತಿ, ಇವತ್ತಿಗೂ ನಿಂತಿದೆ. ಇವನಿಗೆ ಇಟ್ಟಿಗೆಯ ಮೇಲೆ ನಂಬಿಕೆ. ಕಾವೇರಿಯ ಮೇಲೆ ಅವನ ಕಮಾನು ಏಳಲೇ ಇಲ್ಲ. ತೋಟದ ಕಮಾನು ಮಾತ್ರ 1930ರ ದಶಕದಲ್ಲಿ ಕುಸಿಯುವವರೆಗೂ ಹಾಗೇ ನಿಂತಿತ್ತು. ಮೈಸೂರಿನ ಗೌರ್ನಮೆಂಟ್ ಹೌಸ್‌ನಲ್ಲಿ ನಡುವೆ ಒಂದೂ ಕಂಬವಿಲ್ಲದ ದೊಡ್ಡ ಔತಣಶಾಲೆ ಇದೆಯಲ್ಲ, ಅದೂ ಇವನದ್ದೇ.

— ಅಂದರೆ ಈ ಮನುಷ್ಯನಿಗೆ ಒಂದೇ ಹಂಬಲ. ಕಂಬ ಕಡಿಮೆ, ಅಗಲ ಜಾಸ್ತಿ.

— ಹೌದು ಕಣಮ್ಮ. ಗಲಾಟೆಯ ಮನುಷ್ಯ ಬೇರೆ. 1809ರಲ್ಲಿ ಮದ್ರಾಸ್ ಸೇನೆಯ ಇಂಗ್ಲಿಷ್ ಅಧಿಕಾರಿಗಳು ಗವರ್ನರನ ವಿರುದ್ಧ ತಿರುಗಿಬಿದ್ದರು. ಶ್ರೀರಂಗಪಟ್ಟಣ ಅದರ ದೊಡ್ಡ ಕೇಂದ್ರ. ಆ ಗಲಾಟೆಯಲ್ಲಿ ಸೇರಿ ಡಿ ಹ್ಯಾವಿಲೆಂಡ್ ನೌಕರಿ ಕಳೆದುಕೊಂಡ, ಆಮೇಲೆ ಅದು ಮರಳಿ ಸಿಕ್ಕಿತು. ಮದ್ರಾಸಿಗೆ ಬಂದು ಸೇಂಟ್ ಜಾರ್ಜ್ ಕ್ಯಾಥೆಡ್ರಲ್ ಕಟ್ಟಿಸಿದ, ಅದರ ನಕ್ಷೆ ಜೇಮ್ಸ್ ಕಾಲ್ಡ್‌ವೆಲ್‌ದು. ಅದಾದ ಮೇಲೆ ಈ ಕರ್ಕ್. ನನ್ನ ಲೆಕ್ಕದಲ್ಲಿ ಎಗ್ಮೋರಿನ ಗುಮ್ಮಟ ಅಂದರೆ, ಕಾವೇರಿಯ ಮೇಲೆ ಕಟ್ಟಲಾಗದೆ ಉಳಿದದ್ದನ್ನು ಅವನು ಇಲ್ಲಿ ಕಟ್ಟಿ ತೋರಿಸಿದ್ದು. ಕಮಾನನ್ನು ಅದರ ನಡುಗೆರೆಯ ಸುತ್ತ ತಿರುಗಿಸಿದರೆ ಗುಮ್ಮಟ ತಾನೆ?

— ನೆಲ ಜೌಗು ಅಂದಿರಿ. ಅಷ್ಟು ಇಟ್ಟಿಗೆಯ ಭಾರ ಹೊತ್ತದ್ದು ಏನು?

— ಬಾವಿಗಳು. ಇಡೀ ಕಟ್ಟಡದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅದೇ, ಮತ್ತೆ ಅದೊಂದೇ ಯಾರ ಕಣ್ಣಿಗೂ ಬೀಳುವುದಿಲ್ಲ. ಕರ್ಕ್‌ನ ಅಡಿಯಲ್ಲಿ 150 ಬಾವಿಗಳಿವೆ. ಒಂದೊಂದರ ಆಳ ಒಂದೊಂದು, 14 ಅಡಿಯಿಂದ 50 ಅಡಿಯವರೆಗೆ.

— ಆಳದಲ್ಲಿ ಅಷ್ಟು ವ್ಯತ್ಯಾಸ ಯಾಕೆ?

— ಗಟ್ಟಿ ನೆಲ ಎಲ್ಲಿ ಸಿಗುತ್ತದೋ ಅಲ್ಲಿಯವರೆಗೆ ಇಳಿಯಬೇಕಲ್ಲ. ಮಣ್ಣು ಹೇಳಿದಷ್ಟು ಆಳ. ಕೆಲಸದ ಬಗೆ ಹೀಗೆ: ಸುಟ್ಟ ಮಣ್ಣಿನ ಬಳೆಯೊಂದನ್ನು ನೆಲದ ಮೇಲೆ ಕೂರಿಸುತ್ತಾರೆ. ಒಬ್ಬ ಅದರ ಒಳಗಿಳಿದು ಅಡಿಯ ಮಣ್ಣು ತೆಗೆಯುತ್ತಾ ಹೋಗುತ್ತಾನೆ. ಮಣ್ಣು ಸಡಿಲವಾದಂತೆ ಬಳೆ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಅದರ ಮೇಲೆ ಇನ್ನೊಂದು ಬಳೆ, ಮತ್ತೊಂದು ಬಳೆ. ನೀರು ಬಂದರೆ ಮೊಗೆದು ಹಾಕಬೇಕು, ಬಳೆ ಒಂದು ಕಡೆ ವಾಲಿದರೆ ಇನ್ನೊಂದು ಕಡೆಯ ಮಣ್ಣು ಹೆಚ್ಚು ತೆಗೆದು ಸರಿ ಮಾಡಬೇಕು. ಗಟ್ಟಿ ಪದರ ಮುಟ್ಟಿದ ಮೇಲೆ ಒಳಗೆ ತುಂಬಿ, ಬಾಯಿ ಮುಚ್ಚಿ, ಅದರ ಮೇಲೆ ಕಟ್ಟಡ. ನಾನು ನೌಕರಿಗೆ ಸೇರಿದ ಹೊಸದರಲ್ಲಿ ಹೊಳೆಯ ಸೇತುವೆಗೆ ಬಾವಿ ಬುನಾದಿ ಇಳಿಸುವುದನ್ನು ನೋಡಿದ್ದೇನೆ. ಕ್ರೇನು, ಕಾಂಕ್ರೀಟು ಎಲ್ಲ ಇದ್ದೂ ವಾಲಿದ ಬಾವಿಯನ್ನು ನೆಟ್ಟಗೆ ಮಾಡುವುದರಲ್ಲಿ ಎಲ್ಲರೂ ಬೆವರಿಳಿಸುತ್ತಿದ್ದೆವು. ಇವರು 1818ರಲ್ಲಿ ಗುದ್ದಲಿ, ಬುಟ್ಟಿ, ಹಗ್ಗ ಹಿಡಿದು ನೂರೈವತ್ತು ಇಳಿಸಿದರು.

— ಈ ವಿದ್ಯೆ ಇಂಗ್ಲೆಂಡಿನಿಂದ ಬಂದದ್ದಾ?

— ಅಲ್ಲ, ಇದು ಈ ನೆಲದ್ದು. ಮದುರೆ ಹತ್ತಿರದ ಕೀಳಡಿಯಲ್ಲಿ ಅಗೆದಾಗ ಸುಟ್ಟ ಮಣ್ಣಿನ ಬಳೆ ಜೋಡಿಸಿದ ಬಾವಿಗಳು ಸಿಕ್ಕಿವೆ, ಎರಡು ಸಾವಿರ ವರ್ಷಕ್ಕೂ ಹಳೆಯವು. ಕುಡಿಯುವ ನೀರಿಗೆ ಬಾವಿ ತೋಡುವ ಕೈಗಳೇ ಕರ್ಕ್‌ಗೂ ಬುನಾದಿ ಹಾಕಿದ್ದು. ಮೇಜರನ ಹೆಸರನ್ನು ಎಲ್ಲರೂ ಹೇಳುತ್ತಾರೆ. ಬಾವಿಗಿಳಿದು ಸೊಂಟದ ಮಟ್ಟದ ನೀರಿನಲ್ಲಿ ನಿಂತವರನ್ನು ನೆನೆಯುವವರು ಕಡಿಮೆ. ನೀನು ಈ ಕರ್ಕ್ ಬಗ್ಗೆ ನಿನ್ನ ಪ್ರಾಜೆಕ್ಟ್ ಬರೆಯುವಾಗ ಬಾವಿಗಳಿಗೆ ಒಂದಿಡೀ ಅಧ್ಯಾಯ ಕೊಡು.

— ಕೊಡುತ್ತೇನೆ. ಗುಮ್ಮಟಕ್ಕೆ ಬರೋಣ. ಅದರ ವ್ಯಾಸ 51.5 ಅಡಿ ಅಂತ ಬರೆದುಕೊಂಡಿದ್ದೇನೆ. ಇದೇನೂ ಭಾರಿ ಅಳತೆಯಲ್ಲವಲ್ಲ? ವಿಜಯಪುರದ ಗೋಳಗುಮ್ಮಟದ ಮುಂದೆ ಅರ್ಧವೂ ಇಲ್ಲ.

— ಅಳತೆ ನೋಡಬೇಡ, ಅದು ಯಾವುದರ ಮೇಲೆ ಕೂತಿದೆ ನೋಡು. ಗೋಳಗುಮ್ಮಟದ ಭಾರವನ್ನು ಆನೆಯನ್ನೂ ಅಡಗಿಸಬಹುದಾದಷ್ಟು ದಪ್ಪ ಗೋಡೆಗಳು ಹೊತ್ತಿವೆ. ಇಲ್ಲಿ ಹದಿನಾರು ಕಂಬ, ಅಷ್ಟೇ. 51.5 ಅಡಿ ವ್ಯಾಸದ ವೃತ್ತದ ಸುತ್ತಳತೆ ಹತ್ತಿರ ಹತ್ತಿರ 162 ಅಡಿ, ಹದಿನಾರರಿಂದ ಭಾಗಿಸು. ಕಂಬದಿಂದ ಕಂಬಕ್ಕೆ ಹತ್ತಡಿ ಬಂತು. ಒಳಗೆ ಕೂತವರಿಗೆ ಗೋಡೆ ಅಡ್ಡವಿಲ್ಲ, ಸುತ್ತಲ ಕಿಟಕಿಗಳ ಬೆಳಕು, ಗಾಳಿ ಕಂಬಗಳ ನಡುವಿನಿಂದ ಸಲೀಸಾಗಿ ಬರುತ್ತದೆ. ಆದರೆ ಗುಮ್ಮಟದ ಸ್ವಭಾವ ಏನು? ಅದು ಕೆಳಕ್ಕೆ ಮಾತ್ರ ಒತ್ತುವುದಿಲ್ಲ, ಹೊರಕ್ಕೂ ತಳ್ಳುತ್ತದೆ. ಅದೂ ಈ ಗುಮ್ಮಟದಂತೆ ಆಳ ಕಡಿಮೆ ಇದ್ದರೆ ತಳ್ಳು ಇನ್ನೂ ಜೋರು. ಸಣಕಲು ಕಂಬಗಳು ಆ ತಳ್ಳನ್ನು ತಡೆಯಲಾರವು.

— ಹಾಗಾದರೆ ತಡೆದದ್ದು ಯಾವುದು?

— ಕಂಬಗಳ ಹಿಂದೆ ಹೊರಗೋಡೆಯವರೆಗೆ ಸುತ್ತಾಡುವ ದಾರಿ ಇದೆಯಲ್ಲ, ಅದರ ಚಾವಣಿ. ಇಡೀ ವೃತ್ತದ ವ್ಯಾಸ 81.5 ಅಡಿ. ಒಳಗಿನ 51.5 ಕಳೆದರೆ 30, ಅಂದರೆ ಸುತ್ತಲೂ ಹದಿನೈದು ಅಡಿಯ ಪಟ್ಟಿ. ಆ ಪಟ್ಟಿಯ ಮೇಲೆ ಇಟ್ಟಿಗೆಯ ಕಮಾನನ್ನೇ ಉಂಗುರದಂತೆ ಸುತ್ತಿಸಿದ್ದಾನೆ. ಗುಮ್ಮಟ ಹೊರಕ್ಕೆ ತಳ್ಳಿದರೆ ಉಂಗುರಕಮಾನು ಒಳಕ್ಕೆ ಒತ್ತುತ್ತದೆ, ಅದರ ಬೆನ್ನಿಗೆ ಹೊರಗಿನ ದಪ್ಪ ಗೋಡೆ. ಗಾಡಿಯ ಚಕ್ರಕ್ಕೆ ಕಾಯಿಸಿದ ಹಳಿ ಬಿಗಿದ ಮೇಲೆ ಹಲಗೆಗಳು ಅಲ್ಲಾಡದ ಹಾಗೆ, ಸುತ್ತ ಬಂದ ಉಂಗುರ ನಡುವಿನದ್ದನ್ನು ಹಿಡಿದು ನಿಲ್ಲಿಸಿದೆ. ಕಂಬಗಳ ಪಾಲಿಗೆ ಉಳಿದದ್ದು ನೇರವಾಗಿ ಕೆಳಕ್ಕೆ ಬರುವ ಭಾರ ಮಾತ್ರ. ಶ್ರೀರಂಗಪಟ್ಟಣದ ಒಂಟಿ ಕಮಾನಿಗೆ ಈ ಭಾಗ್ಯ ಇರಲಿಲ್ಲ, ತನ್ನ ಎರಡು ಕಾಲು ಬಿಟ್ಟರೆ ಆತುಕೊಳ್ಳಲು ಅದಕ್ಕೆ ಏನೂ ಇರಲಿಲ್ಲ.

— ಮರದ ತೊಲೆ ಹಾಕಿ ಚಾವಣಿ ಮಾಡಿದ್ದರೆ ಈ ಕಷ್ಟವೇ ಇರಲಿಲ್ಲ. ಆ ಕಾಲದ ಮದ್ರಾಸ್ ತಾರಸಿ ಅಂದರೆ ಅದೇ ಅಲ್ವಾ? ತೇಗದ ತೊಲೆ, ಮೇಲೆ ಓರೆಯಾಗಿ ನಿಲ್ಲಿಸಿದ ಇಟ್ಟಿಗೆ, ಗಾರೆ.

— ಅದೇ. ಮನೆಗಳಿಗೆ ಒಳ್ಳೆಯ ಚಾವಣಿ. ಆದರೆ ಗೆದ್ದಲು! ತೊಲೆಯ ತುದಿ ಗೋಡೆಯೊಳಗೆ ಸೇರುವ ಜಾಗದಲ್ಲಿ ಗೆದ್ದಲು ಹತ್ತಿದರೆ ಹೊರಗೆ ಕಾಣುವುದಿಲ್ಲ, ಒಂದು ದಿನ ತೊಲೆ ತಾನಾಗಿ ಕೂರುತ್ತದೆ. ಹಾಗಾಗಿ ಡಿ ಹ್ಯಾವಿಲೆಂಡ್ ಚಾವಣಿಯಿಂದ ಮರವನ್ನೇ ದೂರ ಇಟ್ಟ, ಪೂರ್ತಿ ಇಟ್ಟಿಗೆ, ಗಾರೆ. ಇಂಗ್ಲೆಂಡಿನಲ್ಲಿ ಗಿಬ್ಸ್ ಕಟ್ಟಿದ ಸೇಂಟ್ ಮಾರ್ಟಿನ್ ಚರ್ಚಿನ ಒಳಗಿನ ಚಾವಣಿ ಮರದ ಹಂದರಕ್ಕೆ ಮೆತ್ತಿದ ಪ್ಲಾಸ್ಟರು. ಅಲ್ಲಿ ಅದು ನಡೆಯುತ್ತದೆ. ಇಲ್ಲಿಯ ಗೆದ್ದಲು, ಇಲ್ಲಿಯ ಮಳೆ, ಇಲ್ಲಿಯ ಜೌಗು ಸೇರಿ ಪುಸ್ತಕದ ನಕ್ಷೆಯನ್ನು ಬೇರೆಯದೇ ಕಟ್ಟಡ ಮಾಡಿದವು. ಪುಸ್ತಕದಲ್ಲಿದ್ದದ್ದು ಗೆರೆ ಮಾತ್ರ.

— ಕಂಬವೊಂದರ ಮೇಲೆ ಕೈಯಾಡಿಸಿ ನೋಡಿದೆ. ಮಧ್ಯಾಹ್ನದ ಬಿಸಿಲಿನಿಂದ ಒಳಗೆ ಬಂದಿದ್ದೆ, ಕಂಬ ತಣ್ಣಗಿತ್ತು. ಉದ್ದಕ್ಕೂ ಕೊರೆದ ಗೀರುಗಳು, ತೋರುಬೆರಳು ಒಂದು ಗೀರಿನೊಳಗೆ ಸರಾಗ ಇಳಿದುಹೋಯಿತು, ಎಲ್ಲೂ ತೊಡರಲಿಲ್ಲ. ಒಂದು ಕಡೆಯ ಅಂಚು ಮಾತ್ರ ಯಾವಾಗಲೋ ತಗುಲಿ ಚಕ್ಕೆ ಎದ್ದಿತ್ತು, ಕಿರುಬೆರಳಿನ ಉಗುರಿನಷ್ಟು. ಅಮೃತಶಿಲೆಯೇ ಅನ್ನಿಸುತ್ತದೆ.

— ಕಲ್ಲಲ್ಲ. ಮದ್ರಾಸಿನ ಆ ಕಾಲದ ದೊಡ್ಡ ಕಟ್ಟಡಗಳ ಕಂಬಗಳೆಲ್ಲ ಒಳಗೆ ಇಟ್ಟಿಗೆ, ಮೇಲೆ ಮದ್ರಾಸ್ ಗಾರೆ. ಕಡಲ ಚಿಪ್ಪು ಸುಟ್ಟು ಮಾಡಿದ ಸುಣ್ಣ, ಸಣ್ಣ ಮರಳು, ಬೆಲ್ಲದ ನೀರು. ಇವನ್ನು ದಿನಗಟ್ಟಲೆ ನೆನೆಸಿ, ಅರೆದು ಮೊದಲಿನ ಕೋಟ್ ಹಾಕುತ್ತಾರೆ. ಕೊನೆಯ ಕೋಟಿಗೆ ಅಚ್ಚ ಸುಣ್ಣವನ್ನು ಕಲ್ಲಿನಲ್ಲಿ ಬೆಣ್ಣೆಯ ಹದಕ್ಕೆ ಅರೆದು, ಮೊಟ್ಟೆಯ ಬಿಳಿ, ಮೊಸರು, ತುಪ್ಪ ಸೇರಿಸಿ ತೆಳ್ಳಗೆ ಎಳೆಯುತ್ತಾರೆ. ಆಮೇಲೆ ನುಣ್ಣನೆಯ ಕಲ್ಲು ಹಿಡಿದು ಉಜ್ಜುವುದು. ಬೆವರಿನ ಹಾಗೆ ತೇವ ಮೇಲೆ ಬರುತ್ತದೆ, ಅದನ್ನು ಬಟ್ಟೆಯಲ್ಲಿ ಒರೆಸಿ ಮತ್ತೆ ಉಜ್ಜುವುದು. ಪೂರ್ತಿ ಒಣಗುವವರೆಗೆ ಕೈ ಬಿಡುವಂತಿಲ್ಲ. ಗೀರು ಕೊರೆದ ಕಂಬಕ್ಕೆ ಹೀಗೆ ಹೊಳಪು ಕೊಡಬೇಕಾದರೆ ಪ್ರತಿ ಗೀರಿನೊಳಗೂ ಕೈ ಹೋಗಬೇಕು. ಅಂಥ ಹದಿನಾರು ಕಂಬ ಒಳಗೆ, ಮುಖಮಂಟಪದಲ್ಲಿ ಎರಡು ಸಾಲಾಗಿ ಹನ್ನೆರಡು.

— ಮುಖಮಂಟಪದ ವಿಷಯಕ್ಕೆ ನನ್ನದೊಂದು ತಕರಾರಿದೆ. ಎದುರಿಗೆ ನಿಂತು ನೋಡಿದರೆ ಒಳಗೊಂದು ವೃತ್ತ ಇದೆ ಅಂತ ಗೊತ್ತೇ ಆಗುವುದಿಲ್ಲ. ಗ್ರೀಕ್ ದೇಗುಲದ ಮುಖ, ಹಿಂದೆ ಗೋಪುರ, ಗಿಬ್ಸ್ ಮಾದರಿಯ ಎಲ್ಲ ಚರ್ಚುಗಳ ಹಾಗೇ. ಒಳಗೆ ಇಷ್ಟು ಹೊಸದನ್ನು ಮಾಡಿದವನು ಹೊರಗೆ ಅದನ್ನು ಮುಚ್ಚಿಟ್ಟದ್ದು ಯಾಕೆ?

— ತಕರಾರು ಸರಿಯಾಗಿದೆ. ಪಕ್ಕಕ್ಕೆ ಹೋಗಿ ನಿಂತರೆ ದುಂಡು ಹೊಟ್ಟೆ ಕಾಣುತ್ತದೆ, ಅದರ ಪೂರ್ವಕ್ಕೂ ಪಶ್ಚಿಮಕ್ಕೂ ಅಂಟಿಸಿದ ಆಯತದ ಭಾಗಗಳೂ ಕಾಣುತ್ತವೆ. ಎದುರಿನಿಂದ ಮಾತ್ರ ಗೋಪುರದ್ದೇ ದರಬಾರು. ವಾಸ್ತುವಿನ ದೃಷ್ಟಿಯಿಂದ ಅದು ಒಳಗಿನ ಗುಮ್ಮಟಕ್ಕೆ ಮಾಡಿದ ಅನ್ಯಾಯ ಅಂತ ನನಗೂ ಅನ್ನಿಸುತ್ತದೆ. ಆದರೆ ಗೋಪುರ ಬಿಡಲು ಅವರು ತಯಾರಿರಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ 1813ರ ಚಾರ್ಟರ್ ಬಂದಾಗ ಕಲ್ಕತ್ತಾ, ಬೊಂಬಾಯಿ, ಮದ್ರಾಸು ಮೂರೂ ಕಡೆ ಸ್ಕಾಟ್ ಪಾದ್ರಿಗಳಿಗೆ ಜಾಗ ಆಯಿತು. ಕಲ್ಕತ್ತಾದಲ್ಲಿ ಇಂಗ್ಲಿಷ್ ಸಭೆಯ ಬಿಷಪ್ ಮಿಡ್ಲ್‌ಟನ್, ಸ್ಕಾಟ್ ದೇವಾಲಯಕ್ಕೆ ಶಿಖರ ಸಲ್ಲದು ಅಂತ ಹಟ ಹಿಡಿದ. ಪಾದ್ರಿ ಜೇಮ್ಸ್ ಬ್ರೈಸ್ ಶಿಖರವನ್ನೂ ಕಟ್ಟಿಸಿ, ಅದರ ತುದಿಗೆ ಒಂದು ಹುಂಜವನ್ನೂ ಏರಿಸಿದ. ಸ್ಕಾಟ್ಲೆಂಡಿನಲ್ಲಿ ತಮ್ಮದೇ ರಾಜ್ಯದ ಸಭೆ, ಇಲ್ಲಿ ಮಾತ್ರ ಎರಡನೇ ದರ್ಜೆ ಯಾಕಾಗಬೇಕು ಅನ್ನುವ ಮಾತು ಅದು. ಮದ್ರಾಸಿನ ಕರ್ಕ್‌ನ ಗೋಪುರ 166.5 ಅಡಿ. ಅದೇ ಇಂಜಿನಿಯರ್ ಕಟ್ಟಿಸಿದ ಇಂಗ್ಲಿಷರ ಕ್ಯಾಥೆಡ್ರಲ್‌ಗಿಂತ ಸುಮಾರು 27 ಅಡಿ ಎತ್ತರ.

— ಬಿಷಪ್ ಬೇಡ ಅಂದವರಿಗೆ ಬಿಷಪ್ಪನ ಚರ್ಚಿಗಿಂತ ಎತ್ತರದ ಗೋಪುರ ಬೇಕಾಯಿತು. ಇನ್ನೂ ಒಂದು ನನಗೆ ಚುಚ್ಚಿತು. ಮುಖಮಂಟಪದ ತಲೆಯ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಲಾಂಛನ, ಎರಡು ಸಿಂಹ, ಲ್ಯಾಟಿನ್ ಬರಹ. ದೇವರ ಮನೆಯ ಹಣೆಯ ಮೇಲೆ ವ್ಯಾಪಾರಿಯ ಮುದ್ರೆ.

— ದುಡ್ಡು ಅವರದ್ದಾಗಿತ್ತಲ್ಲ. ಅವರದ್ದು ಅಂದರೆ ಯಾರದ್ದು? ಕಂಪನಿ ಸರ್ಕಾರದ ಆದಾಯದಲ್ಲಿ ದೊಡ್ಡ ಪಾಲು ಭೂಕಂದಾಯ. ಕರ್ಕ್ ಬಾಗಿಲು ತೆರೆದಾಗ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ, ಗ್ಲಾಸ್ಗೋದಲ್ಲಿ ಹುಟ್ಟಿದವನು, ನಮ್ಮ ಕೆನರಾದಲ್ಲಿ, ಬಳ್ಳಾರಿ ಸೀಮೆಯಲ್ಲಿ ರೈತವಾರಿ ಕಂದಾಯ ಗೊತ್ತು ಮಾಡಿದ ಅದೇ ಮನ್ರೋ. ಬಳ್ಳಾರಿಯ ಹೊಲದ ಹತ್ತಿಯೂ ಎಗ್ಮೋರಿನ ಇಟ್ಟಿಗೆಗಳಲ್ಲಿ ಇದೆ ಅಂದುಕೋ. ಆ ಮುದ್ರೆಯನ್ನು ಕೆತ್ತಿ ತೆಗೆಯಬೇಕು ಅಂತ ನಾನು ಹೇಳುವುದಿಲ್ಲ. ಯಾರ ಕಂದಾಯದಿಂದ ಕಟ್ಟಿದ್ದು ಅನ್ನುವುದಕ್ಕೆ ಅದೇ ರಸೀದಿ.

— ಹಾಗಿದ್ದರೂ ಆ ಗುಮ್ಮಟದ ಕೆಳಗೆ ನಿಂತಾಗ ನನಗೆ ಸಿಟ್ಟು ಬರಲಿಲ್ಲ. ಗಾಢ ನೀಲಿ, ಅದರಲ್ಲಿ ಚಿನ್ನದ ಬಣ್ಣದ ನಕ್ಷತ್ರಗಳು. ಅವು ಸ್ಕಾಟ್ಲೆಂಡಿನ ಆಕಾಶದಲ್ಲಿ ಕಾಣುವ ನಕ್ಷತ್ರಗಳು ಅಂತ ಹೇಳುತ್ತಾರೆ. ಊರು ಬಿಟ್ಟು ಬಂದು, ಕಾಲರಾದಲ್ಲೋ ಜ್ವರದಲ್ಲೋ ಸತ್ತರೆ ಇಲ್ಲೇ ಮಣ್ಣಾಗುವ ಹುಡುಗರು ತಲೆಯೆತ್ತಿ ಅದನ್ನು ನೋಡಿರುತ್ತಾರೆ. ಗೋಡೆಯಲ್ಲಿ ಸ್ಮಾರಕಫಲಕಗಳನ್ನು ಓದಿದೆ, ಚಿಕ್ಕ ವಯಸ್ಸಿನವರೇ ಬಹಳ.

— ಸಿಟ್ಟೂ ಇರಲಿ, ಆ ಮರುಕವೂ ಇರಲಿ. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಾಗಿಲ್ಲ. ಆಮೇಲೆ ಆ ದೇವಾಲಯ ಅವರ ಕೈಯಲ್ಲೇ ಉಳಿಯಲಿಲ್ಲವಲ್ಲ. 1947ರ ಸೆಪ್ಟೆಂಬರ್‌ನಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ ಹುಟ್ಟಿತು. ಬಿಷಪ್ ಇದ್ದವರು, ಬಿಷಪ್ ಬೇಡ ಅಂದವರು, ಮೆಥೊಡಿಸ್ಟರು ಎಲ್ಲ ಒಂದಾದರು. ಆ ಕೂಡುವಿಕೆ ನಡೆದದ್ದು ಸೇಂಟ್ ಜಾರ್ಜ್ ಕ್ಯಾಥೆಡ್ರಲ್‌ನಲ್ಲಿ. ಕರ್ಕ್ ಕೂಡ ಮುಂದೆ ಅದರಲ್ಲಿ ಸೇರಿತು. ಈಗ ಆ ಎರಡು ಗೋಪುರಗಳೂ ಒಂದೇ ಸಭೆಯವು.

— ಬೆಂಗಳೂರಿನ ಕಬ್ಬನ್ ರಸ್ತೆಯಲ್ಲೂ ಒಂದು ಸೇಂಟ್ ಆ್ಯಂಡ್ರೂಸ್ ಇದೆ. ಅದೂ ಸ್ಕಾಟರದ್ದೇ. ಅಲ್ಲಿ ಯಾಕೆ ವೃತ್ತ ಇಲ್ಲ?

— ಅದು 1866ರದ್ದು. ಅಷ್ಟರಲ್ಲಿ ಗಾಳಿ ಬದಲಾಗಿತ್ತು. ಚೂಪು ಕಮಾನಿನ ಗಾಥಿಕ್ ಶೈಲಿಯೇ ನಿಜವಾದ ಕ್ರೈಸ್ತ ಶೈಲಿ, ಗ್ರೀಕ್ ಕಂಬಗಳು ಅನ್ಯಧರ್ಮದವು ಅಂತ ಬ್ರಿಟನ್ನಿನಲ್ಲಿ ವಾದ ಎದ್ದು, ಗಿಬ್ಸ್ ಮೂಲೆಗೆ ಸರಿದ. ಕಬ್ಬನ್ ರಸ್ತೆಯ ದೇವಾಲಯದ ಕೆಂಪು ಬಣ್ಣ, ಚೌಕ ಗಡಿಯಾರ ಗೋಪುರ, ಬಣ್ಣದ ಗಾಜು ನನಗೂ ಇಷ್ಟವೇ. ಆದರೆ ಒಳಗೆ ಕೂತರೆ ಅದೇ ಉದ್ದ ಹಜಾರ, ಮುಂದಿನವರ ಬೆನ್ನು ನೋಡುತ್ತಾ ಕೂರಬೇಕು. ವಾಕ್ಯ ಕೇಳುವ ಸಭೆಗೆ ಎಗ್ಮೋರಿನ ಪ್ಲಾನೇ ಮೇಲು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

— ನಾಳಿದ್ದು ಮತ್ತೆ ಹೋಗಿ ಅಳತೆ ತೆಗೆಯಬೇಕು. ಅನುಮತಿ ಸಿಕ್ಕಿದೆ. ಎಲ್ಲಿಂದ ಶುರು ಮಾಡಲಿ, ಗುಮ್ಮಟದಿಂದಲಾ?

— ಗುಮ್ಮಟವನ್ನು ಎಲ್ಲರೂ ಬರೆಯುತ್ತಾರೆ. ನೀನು ಕಂಬದ ಹಿಂದಿನ ಹದಿನೈದು ಅಡಿಯ ದಾರಿಯಿಂದ ಶುರು ಮಾಡು. ಉಂಗುರಕಮಾನು ಗೋಡೆಯಿಂದ ಎಷ್ಟು ಎತ್ತರದಲ್ಲಿ ಹೊರಡುತ್ತದೆ, ಕಂಬದ ತಲೆಗೆ ಎಷ್ಟು ಎತ್ತರದಲ್ಲಿ ಬಂದು ಕೂರುತ್ತದೆ, ಹದಿನಾರೂ ಕಡೆ ಬೇರೆ ಬೇರೆಯಾಗಿ ಗುರುತು ಹಾಕಿಕೋ. ಬಿರುಕು ಕಂಡರೆ ಅದರ ಜಾಗ, ಉದ್ದ, ಯಾವ ಕಡೆಗೆ ವಾಲಿದೆ ಅನ್ನುವುದನ್ನೂ ಬರೆ. ಬಾವಿಗಳಲ್ಲಿ ಯಾವುದಾದರೂ ಒಂದು ಕೂದಲೆಳೆಯಷ್ಟು ಇಳಿದಿದ್ದರೂ ಅದರ ಸುದ್ದಿ ಮೊದಲು ಅಲ್ಲಿ ಸಿಗುತ್ತದೆ. ಹಳೇ ಗಾರೆಗೆ ಯಾರಾದರೂ ಸಿಮೆಂಟ್ ತೇಪೆ ಹಾಕಿದ್ದರೆ ಅದನ್ನು ಬೇರೆ ಬಣ್ಣದಲ್ಲಿ ತೋರಿಸು. ಸುಣ್ಣದ ಗೋಡೆ ಉಸಿರಾಡಬೇಕು. ಸಿಮೆಂಟು ಅದರ ತೇವವನ್ನು ಒಳಗೇ ಕಟ್ಟಿಹಾಕುತ್ತದೆ, ಇಟ್ಟಿಗೆ ಪುಡಿಯಾಗುವುದು ಆಗಲೇ. ಟೇಪು ಹಿಡಿಯಲು ಜೊತೆಗೆ ಒಬ್ಬರಿರಲಿ, ನೂರಡಿಯದ್ದೇ ತೆಗೆದುಕೊಂಡು ಹೋಗು.